ಹೊಳೆಯ ದಂಡೆಯ ಮನೆ: ಚಿತ್ರದಲ್ಲಿ ಮತ್ತು ನೆಲದ ಮೇಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಹೋದರು. ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರಿಗೆ ಮನೆ ಕಟ್ಟುವ ಯೋಗ ಅಪರೂಪ. ನಾವು ಬೇರೆಯವರು ಕಟ್ಟಿದ ಮನೆಯನ್ನು ಕೊಳ್ಳುವವರು. ಈಗಂತೂ ಕಟ್ಟಿದ ಮನೆಯನ್ನು ನೋಡಿ ಕೊಳ್ಳುವದಕ್ಕಿಂತ ಮೊದಲೇ ಅದರ ಚಿತ್ರವನ್ನು ನೋಡಿ ಮನಸ್ಸು ಕೊಟ್ಟುಬಿಡುವ ಕಾಲ ಬಂದಿದೆ. ಆದುದರಿಂದ ಈ ಸಂಚಿಕೆಯಲ್ಲಿ ಮನೆಯ ವಿಷಯವನ್ನಲ್ಲ, ಮನೆಯ ಚಿತ್ರದ ವಿಷಯವನ್ನು ನಾಲ್ಕು ಮಾತು ಬರೆಯೋಣವೆಂದು ಕುಳಿತಿದ್ದೇವೆ.

ನಾವು ಗಂಡಹೆಂಡತಿ ಸ್ವಾರಗೇಟದ ಹಿಂಬದಿಯ ಓಣಿಯಲ್ಲಿ ಮೂವತ್ತು ವರ್ಷಗಳಿಂದ ಇದ್ದೇವೆ. ಬೆಳಿಗ್ಗೆ ಹಾಲಿಗೆ ಹೋದರೆ ಜೇಧೆ ಚೌಕದ ಗದ್ದಲ, ಸಂಜೆ ತರಕಾರಿಗೆ ಹೋದರೂ ಅದೇ ಗದ್ದಲ. ಕರ್ನಾಟಕದ ಬಸ್ಸು ನಿಲ್ದಾಣದೊಳಗೆ ತಿರುಗುವಾಗ ಅದರ ಹಣೆಯ ಮೇಲಿನ ಕನ್ನಡ ಅಕ್ಷರಗಳನ್ನು ಓದಿದರೆ ಸಾಕು, ಆ ದಿನ ಊರಿನ ಕಡೆಯವರನ್ನು ಕಂಡಷ್ಟೇ ಸಮಾಧಾನ. 2024ರ ಸಪ್ಟೆಂಬರ 29ರಂದು ನೆಲದಡಿಯ ಮೆಟ್ರೋ ಇಲ್ಲಿಯ ತನಕ ಬಂದಿತು. ಮೆಟ್ರೋ ಬಂದ ಮೇಲೆ ಮನೆಗಳ ಬೆಲೆಯೂ ಜಾಹೀರಾತಿನ ಫಲಕಗಳ ಎತ್ತರವೂ ಜೊತೆಜೊತೆಯಾಗಿ ಏರಿದಂತೆ ನಮಗೆ ತೋರುತ್ತದೆ.

ಅಂಥ ಒಂದು ಫಲಕವು ಕಳೆದ ವರ್ಷ ನಮ್ಮ ಕಣ್ಣನ್ನು ಸೆಳೆಯಿತು. ಕತ್ತಲಾಗುವ ಮುಂಚಿನ ನೀಲಿ ಆಕಾಶ. ಕನ್ನಡಿಯಂತೆ ನಿಂತ ನದಿ. ನದಿಯ ಅಂಚಿಗೆ ಹತ್ತಿಕೊಂಡೇ ಎದ್ದ ಕಟ್ಟಡ. ಪ್ರತಿಯೊಂದು ಕಿಟಕಿಯಲ್ಲಿ ಜೇನಿನ ಬಣ್ಣದ ದೀಪ. ನೀರಿನಲ್ಲಿ ಆ ದೀಪಗಳ ನೆರಳು. ನಾವು ಬೆಳಕಿನ ಕಂಬಕ್ಕೆ ಒರಗಿ ನಿಂತು ನೋಡಿದೆವು. ಇದು ಪುಣೆಯಲ್ಲಿ ಎಲ್ಲಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಮನೆಗೆ ಬಂದ ಮೇಲೆ ತಿಳಿಯಿತು: ಆ ಚಿತ್ರ ತೆಗೆದವನು ನಮ್ಮ ಸೋದರಳಿಯನೇ!

ಚಿತ್ರ ತೆಗೆಯುವ ಉದ್ಯೋಗ

ಹುಡುಗ ಎಂಜಿನಿಯರ ಆಗಲೆಂದು ಪುಣೆಗೆ ಬಂದವನು; ಕ್ಯಾಮರಾ ಹಿಡಿದ. ಮೊದಮೊದಲು ಮದುವೆ, ಮುಂಜಿವೆ. ಬಳಿಕ ಮನೆಗಳ ಚಿತ್ರ. ಹಿಂದೆ ವಧುವಿನ ಚಿತ್ರವನ್ನು ವರನ ಕಡೆಗೆ ಕಳಿಸಲು ಸ್ಟುಡಿಯೋಕ್ಕೆ ಹೋಗುತ್ತಿದ್ದೆವಲ್ಲ, ಈಗ ಮನೆಗೂ ಅಂಥ ಚಿತ್ರ ಬೇಕಾಗಿದೆ. ಅದರಲ್ಲೂ ನೀರಿನ ದಂಡೆಯ ಬಂಗಲೆ, ನದಿಯ ಕಡೆಗೆ ಮುಖವಿರುವ ಫ್ಲ್ಯಾಟು, ಕೆರೆ ಕಾಣುವ ಮಾಳಿಗೆ ಎಂದರೆ ಕೋಟಿಗಳ ವ್ಯವಹಾರ. ಅಂಥ ಮನೆಗಳ ಚಿತ್ರಕ್ಕೆ ಕೂಲಿಯೂ ಹೆಚ್ಚು.

ಒಂದು ನವೆಂಬರದಲ್ಲಿ ನಾವು ಅವನ ಕೂಡ ಖಡಕವಾಸಲಾದ ಹಿನ್ನೀರಿನ ಕಡೆಗೆ ಹೋಗಿದ್ದೆವು. ಮಾರಾಟಕ್ಕಿಟ್ಟ ಒಂದು ಬಂಗಲೆಯ ಚಿತ್ರ ತೆಗೆಯುವದಿತ್ತು. ಸಂಜೆಯ ಚಿತ್ರಕ್ಕೆ ಮಧ್ಯಾಹ್ನವೇ ಹೋಗಬೇಕೆಂದಾಗ ನಮಗೆ ಆಶ್ಚರ್ಯವಾಯಿತು. ಅಲ್ಲಿ ನಡೆದ ಸಿದ್ಧತೆಯನ್ನು ಕಂಡ ಮೇಲೆ ಆ ಆಶ್ಚರ್ಯ ಹೋಗಿ ಬೇರೊಂದು ಬಂದಿತು. ಅಡಿಗೆಮನೆಯ ಕಟ್ಟೆಯ ಮೇಲಿನ ಮಿಕ್ಸರು, ಎಣ್ಣೆಯ ಡಬ್ಬಿ, ಉಪ್ಪಿನಕಾಯಿಯ ಭರಣಿ ಒಂದೊಂದಾಗಿ ಒಳಗೆ ಹೋದವು. ದೇವರ ಪಟ, ಕ್ಯಾಲೆಂಡರು, ಬಾಗಿಲ ಹೊರಗಿನ ಚಪ್ಪಲಿ ಕಣ್ಮರೆಯಾದವು. ಮೇಜಿನ ಮೇಲೆ ಯಾರೂ ತಿನ್ನದ ಹಸಿರು ಸೇಬುಗಳ ಬಟ್ಟಲು ಬಂದಿತು. ಕಲ್ಲುಹಾಸಿನ ಅಂಗಳಕ್ಕೆ ನೀರು ಚಿಮುಕಿಸಿದರು, ದೀಪದ ಹೊಳಪು ಬರಲೆಂದು. ನಮ್ಮ ಮನೆಯವರು ಮೆಲ್ಲಗೆ, "ಇಲ್ಲಿ ಯಾರೂ ಅನ್ನ ಉಂಡೇ ಇಲ್ಲ ಎನ್ನುವ ಹಾಗೆ ಮಾಡಿದಿಯಲ್ಲೋ" ಎಂದರು. ಹುಡುಗ ನಕ್ಕು, "ಅದಽ ಬೇಕು ಮಾಮಿ. ನೋಡೋರು ತಮ್ಮ ಸಂಸಾರಾನ ಅದರಾಗ ಇಟ್ಟು ನೋಡಬೇಕು. ಬ್ಯಾರೇದವರ ಉಪ್ಪಿನಕಾಯಿ ಕಂಡರ ಆ ಕನಸು ಒಡೀತದ" ಎಂದ.

ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷಗಳಷ್ಟೇ ಅವನಿಗೆ ಬೇಕಾದ ಹೊತ್ತು. ಆ ಹೊತ್ತಿನಲ್ಲಿ ಆಕಾಶದ ಬೆಳಕೂ ಮನೆಯೊಳಗಿನ ದೀಪದ ಬೆಳಕೂ ಸರಿಸಮವಾಗುತ್ತವೆ. ಅದಕ್ಕಿಂತ ಮೊದಲು ದೀಪ ಕಾಣದು, ಆಮೇಲೆ ನೀರು ಕಾಣದು. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಮಟ್ಟಸವಾಗಿ ನಿಲ್ಲಿಸಿದ. ಸ್ವಲ್ಪ ಮೇಲಕ್ಕೆ ಓರೆಯಾದರೂ ಗೋಡೆಗಳು ಹಿಂದಕ್ಕೆ ಬಿದ್ದಂತೆ ಕಾಣುವವಂತೆ. ಒಂದೇ ನೋಟವನ್ನು ಕಡಿಮೆ ಬೆಳಕು, ನಡುವಣ ಬೆಳಕು, ಹೆಚ್ಚು ಬೆಳಕು ಎಂದು ಐದು ಸಲ ತೆಗೆದ. ಬಳಿಕ ಗಣಕಯಂತ್ರದಲ್ಲಿ ಐದನ್ನೂ ಕೂಡಿಸಿ ಒಂದು ಮಾಡುವದು. ನಮ್ಮ ಕಣ್ಣು ಕತ್ತಲೆಯ ಮೂಲೆಯನ್ನೂ ಬೆಳಕಿನ ಕಿಟಕಿಯನ್ನೂ ಹೊಂದಿಸಿಕೊಂಡು ನೋಡಬಲ್ಲುದು. ಕ್ಯಾಮರಾಕ್ಕೆ ಒಂದೇ ಸಲಕ್ಕೆ ಆ ಶಕ್ತಿ ಸಾಲದು. ಇಷ್ಟರಲ್ಲಿ ಮೋಸವೇನೂ ಇಲ್ಲ.

ಈ ವಿದ್ಯೆ ಹೊಸದೂ ಅಲ್ಲ. 1960ರಲ್ಲಿ ಅಮೇರಿಕದ ಲಾಸ್ ಏಂಜಲೀಸಿನಲ್ಲಿ ಜ್ಯೂಲಿಯಸ್ ಶುಲ್ಮನ್ ಎಂಬ ಛಾಯಾಚಿತ್ರಕಾರರು ಗುಡ್ಡದ ತುದಿಯ ಒಂದು ಗಾಜಿನ ಮನೆಯ ಚಿತ್ರ ತೆಗೆದರು. ಮನೆಯೊಳಗೆ ಇಬ್ಬರು ಹೆಣ್ಣುಮಕ್ಕಳು ಕುಳಿತು ಮಾತನಾಡುತ್ತಿದ್ದಾರೆ. ಕಾಲ ಕೆಳಗೆ ಇಡಿಯ ನಗರದ ದೀಪಗಳು. ನಗರದ ದೀಪಗಳಿಗಾಗಿ ಏಳು ನಿಮಿಷ ಕ್ಯಾಮರಾದ ಕಣ್ಣು ತೆರೆದಿಟ್ಟು, ಕೊನೆಗೆ ಒಮ್ಮೆ ಮಿಂಚುದೀಪ ಹಾರಿಸಿ ಒಳಗಿನ ಹೆಣ್ಣುಮಕ್ಕಳನ್ನು ಬೆಳಗಿಸಿದರಂತೆ. ಆ ಮನೆ ಆ ಒಂದು ಚಿತ್ರದಿಂದಲೇ ಜಗತ್ಪ್ರಸಿದ್ಧವಾಯಿತು. ಮನೆಯನ್ನಲ್ಲ, ಮನೆಯಲ್ಲಿ ಬಾಳುವ ಬಾಳನ್ನು ತೋರಿಸಬೇಕು ಎಂಬ ಪಾಠವನ್ನು ಜಾಹೀರಾತಿನವರು ಅಂದಿನಿಂದ ಮರೆತಿಲ್ಲ.

ದೂರದ ಬೆಟ್ಟ, ಹತ್ತಿರದ ನೀರು

ಇನ್ನು ಮಸೂರದ ಮಾತು. ನಮ್ಮ ಕಣ್ಣಿನ ಸಹಜ ನೋಟಕ್ಕೆ ಹತ್ತಿರವಾದುದು 50 ಮಿ.ಮೀ. ಮಸೂರ. ಅದು ಮೂಲೆಯಿಂದ ಮೂಲೆಗೆ ಸುಮಾರು 46 ಅಂಶದಷ್ಟು ನೋಟವನ್ನು ಹಿಡಿಯುತ್ತದೆ. ಮನೆಯ ಚಿತ್ರಕ್ಕೆ ಬಳಸುವ 16 ಮಿ.ಮೀ. ಮಸೂರ 107 ಅಂಶ ಹಿಡಿಯುತ್ತದೆ. ಇಷ್ಟಗಲ ಹಿಡಿದಾಗ ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಸಣ್ಣದಾಗಿಯೂ ಕಾಣುತ್ತದೆ; ಹತ್ತು ಅಡಿಯ ಕೋಣೆ ಪಡಸಾಲೆಯಾಗುತ್ತದೆ, ನಾಲ್ಕು ಹೆಜ್ಜೆಯ ಬಾಲ್ಕನಿಯಲ್ಲಿ ಪಂಕ್ತಿ ಹಾಕಬಹುದೆಂಬ ಭ್ರಮೆ ಹುಟ್ಟುತ್ತದೆ. ಇದಕ್ಕೆ ವಿರುದ್ಧವಾದುದು 200 ಮಿ.ಮೀ.ದಂಥ ದೂರದರ್ಶಕ ಮಸೂರ. ದೂರದ ಕೆರೆಯನ್ನು ಎಳೆದು ತಂದು ಕಿಟಕಿಯ ಕೆಳಗೇ ಕೂಡ್ರಿಸುತ್ತದೆ. ನಡುವಿನ ಒಂದು ಮೈಲು ಹೊಲ, ಗಟಾರ, ಗೋಡಾವುನು ಎಲ್ಲ ಮಡಚಿಹೋಗುತ್ತವೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಈ ಗಾಜು ಇನ್ನೂ ಒಂದು ಹೆಜ್ಜೆ ಮುಂದೊಯ್ದು, ನುಣ್ಣಗಿನ ಬೆಟ್ಟವನ್ನು ಹತ್ತಿರಕ್ಕೂ ತರುತ್ತದೆ.

ನೀರಿಗೆ ಮತ್ತೊಂದು ಯುಕ್ತಿಯುಂಟು. ಮಸೂರದ ಮುಂದೆ ಕಪ್ಪು ಗಾಜು ಹಾಕಿ, ಮೂವತ್ತು ಸೆಕೆಂದು ಕಣ್ಣು ತೆರೆದಿಟ್ಟರೆ, ಅಲೆಗಳೆಲ್ಲ ಕರಗಿ ನೀರು ಹಾಲಿನ ಕೆನೆಯಂತೆ ಆಗುತ್ತದೆ. ತೇಲಿಹೋಗುವ ಕಸವೂ ಅದರಲ್ಲಿ ಕರಗುತ್ತದೆ. ಮೇಲಿನಿಂದ ತೆಗೆಯಲು ಡ್ರೋನು ಎಂಬ ಹಾರುವ ಯಂತ್ರ ಬಂದಿದೆ. ಅದಕ್ಕೆ 2021ರ ಆಗಸ್ಟದಿಂದ ಹೊಸ ನಿಯಮಗಳಿವೆ. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಭಾಗ ಮಾಡಿದ್ದಾರೆ. ಕೆಂಪು ವಲಯದಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಖಡಕವಾಸಲಾ ಕೆರೆಯ ಮಗ್ಗುಲಲ್ಲೇ ರಾಷ್ಟ್ರೀಯ ರಕ್ಷಣಾ ಪ್ರಬೋಧಿನಿ ಇದೆ, ಲೋಹಗಾಂವದಲ್ಲಿ ವಾಯುಸೇನೆಯ ನೆಲೆಯಿದೆ. ಆದುದರಿಂದ ಪುಣೆಯಲ್ಲಿ ಈ ಕೆಲಸ ಮಾಡುವವರು ನಕಾಶೆ ನೋಡದೆ ಯಂತ್ರ ಎತ್ತುವದಿಲ್ಲ.

ಇಲ್ಲಿಯ ತನಕದ್ದು ಶೃಂಗಾರ. ಹೆಣ್ಣು ನೋಡಲು ಬರುವ ದಿನ ಮಗಳಿಗೆ ರೇಶಿಮೆ ಸೀರೆ ಉಡಿಸಿದಂತೆ; ಯಾರೂ ಅದನ್ನು ಸುಳ್ಳೆನ್ನರು. ಆದರೆ ಚಿತ್ರ ಗಣಕಯಂತ್ರಕ್ಕೆ ಹೋದ ಮೇಲೆ ಇನ್ನೊಂದು ಕೆಲಸ ನಡೆಯುತ್ತದೆ. ವಿದ್ಯುತ್ತಿನ ತಂತಿ ತೆಗೆ, ಕಂಬ ತೆಗೆ, ನೀರಿನ ಮೇಲಿನ ಜಲಪರ್ಣಿ ತೆಗೆ, ಆಚೆಯ ದಂಡೆಯ ಗುಡಿಸಲು ತೆಗೆದು ಮರ ಇಡು, ಗಟಾರದ ಬಾಯಿಗೆ ಹುಲ್ಲು ಹಚ್ಚು. ಗೋಡೆಯ ಮೇಲಿನ ಕಲೆಯನ್ನು ಒರೆಸುವದು ಬೇರೆ. ಗೋಡೆಯ ಆಚೆಗಿನ ಗಟಾರವನ್ನು ಒರೆಸುವದು ಬೇರೆ. ಮೊದಲನೆಯದನ್ನು ಕೊಂಡವನು ನಾಳೆ ಸುಣ್ಣ ಹಚ್ಚಿ ತಾನೇ ಮಾಡಿಕೊಳ್ಳಬಲ್ಲ. ಎರಡನೆಯದನ್ನು ಅವನು ಎಂದೂ ಮಾಡಲಾರ. ಈ ಗೆರೆ ನಮ್ಮ ಹುಡುಗನಿಗೆ ಗೊತ್ತಿರಲಿಲ್ಲವೆಂದಲ್ಲ. ಗಿರಾಕಿ ಹೇಳಿದ್ದನ್ನು ಮಾಡಿಕೊಟ್ಟು ಕೂಲಿ ತರುತ್ತಿದ್ದ. ಮನೆಯಲ್ಲಿ ಹೊಸ ಸಂಸಾರ, ಮೇಲೆ ಮಸೂರದ ಸಾಲ.

ಅವ್ವ ಕೇಳಿದ ಪ್ರಶ್ನೆ

ಇಷ್ಟಾದ ಮೇಲೆ ಒಂದು ರವಿವಾರ ಅಫಜಲಪುರ ತಾಲೂಕಿನ ಒಂದು ಕುಟುಂಬ ನಮ್ಮ ಮನೆಗೆ ಊಟಕ್ಕೆ ಬಂದಿತು. ಮಗ ಹಿಂಜವಡಿಯಲ್ಲಿ ನೌಕರಿ, ಸೊಸೆ ಶಾಲೆಯಲ್ಲಿ ಶಿಕ್ಷಕಿ, ಇಬ್ಬರು ಮಕ್ಕಳು, ಊರಿನಿಂದ ಬಂದು ಇವರ ಕೂಡ ಇರುವ ವೃದ್ಧ ತಾಯಿ. ಭೀಮಾ ನದಿಯ ದಂಡೆಯ ನಾಲ್ಕು ಎಕರೆ ಹೊಲವನ್ನು ಮಾರಿ, ಮೇಲೆ ಇಪ್ಪತ್ತು ವರ್ಷದ ಬ್ಯಾಂಕಿನ ಸಾಲ ಎತ್ತಿ, ಪುಣೆಯಲ್ಲಿ ಮನೆ ಕೊಳ್ಳುವ ನಿಶ್ಚಯ ಮಾಡಿದ್ದರು. ಮಗ ಸಂತೋಷದಿಂದ ಮೊಬೈಲು ತೆಗೆದು, "ಕಾಕಾ, ಅವ್ವಗ ಹೊಳಿ ಅಂದ್ರ ಜೀವ. ಹೊಳಿ ಕಾಣೂ ಮನಿನೇ ನೋಡೀವಿ" ಎಂದು ಚಿತ್ರ ತೋರಿಸಿದ. ಅದೇ ನೀಲಿ ಆಕಾಶ, ಅದೇ ಜೇನುದೀಪ! ನಮ್ಮ ಸೋದರಳಿಯ ಅಲ್ಲಿಯೇ ಕುಳಿತು ಊಟ ಮಾಡುತ್ತಿದ್ದ. ಅವನ ಕೈ ತಾಟಿನಲ್ಲಿಯೇ ನಿಂತಿತು.

ಅವ್ವ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಯಪ್ಪಾ, ಈ ಹೊಳಿಗಿ ದಂಡಿ ಎಲ್ಲದ? ಅರಿಬಿ ಒಗಿಯೋರಿಲ್ಲ, ದನ ನೀರಿಗಿ ಬಿಟ್ಟೋರಿಲ್ಲ, ಇಳಿಲಾಕ ಒಂದು ಮೆಟ್ಟಲಾ ಇಲ್ಲ. ಹೊಳಿ ಬಂದ್ರ ಎಲ್ಲೀತನಕಾ ಬರ್ತದ?"

ನಮ್ಮ ಕಡೆ ಹೊಳೆ ಬರುವದೆಂದರೆ ಪ್ರವಾಹ ಬರುವದು. 2020ರ ಅಕ್ಟೋಬರದಲ್ಲಿ ಭೀಮೆ ಕಲಬುರ್ಗಿ ಜಿಲ್ಲೆಯ ದಂಡೆಯ ಹಳ್ಳಿಗಳೊಳಗೆ ಹೊಕ್ಕಾಗ ಆ ತಾಯಿ ಕಾಳಿನ ಚೀಲಗಳನ್ನು ಬಿಟ್ಟು, ಮೈಮೇಲಿನ ಸೀರೆಯಲ್ಲಿ ಹೊರಬಿದ್ದವರು. ಅವರ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿರಲಿಲ್ಲ. ಉತ್ತರ ಗೊತ್ತಿದ್ದವನು ತಲೆ ತಗ್ಗಿಸಿ ಕುಳಿತಿದ್ದ.

ಕೊನೆಗೆ ಹುಡುಗ ಬಾಯಿಬಿಟ್ಟ. ಚಿತ್ರ ತೆಗೆದದ್ದು ಸಪ್ಟೆಂಬರದಲ್ಲಿ, ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟ ಮರುವಾರ. ಕಟ್ಟಡಕ್ಕೂ ನೀರಿಗೂ ನಡುವೆ ಇದ್ದ ಕಚ್ಚಾ ರಸ್ತೆಯನ್ನೂ ಗಟಾರವನ್ನೂ ತಾನೇ ಅಳಿಸಿದ್ದೇನೆಂದು ಹೇಳಿದ. "ನಾಳೆ ಮಧ್ಯಾಹ್ನ ಹನ್ನೆರಡಕ್ಕ ನಾನಽ ಕರಕೊಂಡು ಹೋಗ್ತೀನಿ, ನೋಡ್ರಿ. ಆಮ್ಯಾಲ ತಗೋರಿ, ಬಿಡ್ರಿ, ನಿಮ್ಮ ಮನಸು" ಎಂದ.

ಮರುದಿನ ಎಲ್ಲರೂ ಹೋದೆವು. ಮಾರ್ಚ ತಿಂಗಳ ಬಿಸಿಲು. ನದಿಯೆಂಬುದು ಹಸಿರು ಜಲಪರ್ಣಿಯ ಕೆಳಗೆ ಹರಿಯುವ ಒಂದು ಕಪ್ಪು ಕಾಲುವೆಯಾಗಿತ್ತು. ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡರು; ಎಷ್ಟು ಒಳ್ಳೆಯ ಮಸೂರವಾದರೂ ವಾಸನೆಯನ್ನು ಹಿಡಿಯಲಾರದು. ಪಕ್ಕದ ಹಳೆಯ ಕಟ್ಟಡದ ಕಾವಲುಗಾರ ಗೋಡೆಯ ಮೇಲಿನ ಮಣ್ಣಿನ ಗೆರೆಯನ್ನು ತೋರಿಸಿದ. ನಮ್ಮ ಎದೆಯ ಮಟ್ಟಕ್ಕಿತ್ತು. "ದೋನ ಹಜಾರ ಚೋವೀಸ, ಜುಲೈ" ಎಂದ. ಅವ್ವ ಆ ಗೆರೆಯ ಮೇಲೆ ಅಂಗೈ ಇಟ್ಟು ನಿಂತರು, ಮಾತೇನೂ ಆಡಲಿಲ್ಲ. ಮಗ ಮೊಬೈಲನ್ನು ಕಿಸೆಯಲ್ಲಿಟ್ಟುಕೊಂಡ.

ಪುಣೆಯ ನೀರಿನ ಲೆಕ್ಕ

ಕಾವಲುಗಾರ ಹೇಳಿದ ದಿನ 2024ರ ಜುಲೈ 25. ಖಡಕವಾಸಲಾದಿಂದ ಸುಮಾರು 35,000 ಕ್ಯೂಸೆಕ್ಸು ನೀರು ಮುಠಾ ನದಿಗೆ ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯ ಕಡೆಯ ಮನೆಗಳೊಳಗೆ ನೀರು ಹೊಕ್ಕಿತು; ಜನರನ್ನು ಹೊರತರಲು ಸೈನ್ಯವನ್ನು ಕರೆಯಬೇಕಾಯಿತು.

ಸ್ವಾರಗೇಟದ ನಾವೇನೂ ನೀರಿನಿಂದ ದೂರವಿಲ್ಲ. ನಮ್ಮ ಪಕ್ಕದ ಸಾರಸಬಾಗವೇ ಪೇಶವೆಯವರ ಕಾಲದ ಕೆರೆ. ಅದಕ್ಕೇ ಅಲ್ಲಿಯ ಗಣಪತಿಗೆ ಇಂದಿಗೂ ತಳ್ಯಾತಲಾ ಗಣಪತಿ, ಎಂದರೆ ಕೆರೆಯೊಳಗಿನ ಗಣಪತಿ ಎಂದೇ ಹೆಸರು. ಖಡಕವಾಸಲಾದಿಂದ ಬರುವ ಮುಠಾ ಬಲದಂಡೆ ಕಾಲುವೆ ಪರ್ವತಿಯ ಬುಡದಲ್ಲಿ ಹಾಯುತ್ತದೆ. 2018ರ ಸಪ್ಟೆಂಬರ 27ರಂದು ಅದು ಒಡೆದು ದಾಂಡೇಕರ ಪೂಲದ ವಸತಿಗಳು ಮುಳುಗಿದವು. ಕಾತ್ರಜದ ಕಡೆಯಿಂದ ಬರುವ ಆಂಬೀಲ ಓಢಾ ಎಂಬ ಹಳ್ಳವು 2019ರ ಸಪ್ಟೆಂಬರ 25ರ ರಾತ್ರಿ ಉಕ್ಕಿ ಅರಣ್ಯೇಶ್ವರದ ಓಣಿಗಳಲ್ಲಿ ಜೀವಗಳನ್ನೇ ಒಯ್ದಿತು. ಹಳೆಯ ಪುಣೇಕರರಂತೂ 1961ರ ಜುಲೈ 12ನ್ನು ಮರೆತಿಲ್ಲ. ಅಂದು ಇನ್ನೂ ಕಟ್ಟುತ್ತಿದ್ದ ಪಾನಶೇತ ಆಣೆಕಟ್ಟು ಒಡೆಯಿತು. ಆ ನೀರಿನ ಭಾರಕ್ಕೆ ಕೆಳಗಿನ ಖಡಕವಾಸಲಾವೂ ಒಡೆದು ನದಿ ಪೇಟೆಗಳೊಳಗೆ ನುಗ್ಗಿತು.

ಇದಕ್ಕಾಗಿ ಮಹಾರಾಷ್ಟ್ರದಲ್ಲಿ ನದಿಗಳ ನಕಾಶೆಯ ಮೇಲೆ ಎರಡು ಗೆರೆ ಎಳೆದಿರುತ್ತಾರೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ ನೀಲಿ ಗೆರೆ. ನೂರು ವರ್ಷಕ್ಕೊಮ್ಮೆ ಬರಬಹುದಾದುದರ ಮಟ್ಟ ಕೆಂಪು ಗೆರೆ. ನೀಲಿ ಗೆರೆಯೊಳಗೆ ಮನೆ ಕಟ್ಟುವದು ನಿಷಿದ್ಧ. ನೀಲಿಗೂ ಕೆಂಪಿಗೂ ನಡುವೆ ನಿಬಂಧನೆಗಳೊಡನೆ ಕಟ್ಟಬಹುದು. ನೂರು ವರ್ಷಕ್ಕೊಮ್ಮೆ ಎಂದರೆ ನಮ್ಮ ಕಾಲಕ್ಕೆ ಬಾರದೆಂದು ತಿಳಿಯಬಾರದು. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವವಿದೆಯೆಂದು. ಇಪ್ಪತ್ತು ವರ್ಷದ ಸಾಲ ತೀರುವದರೊಳಗೆ ಕೆಂಪು ಗೆರೆಯ ಪ್ರವಾಹ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 18; ನೀಲಿ ಗೆರೆಯದಂತೂ ನೂರಕ್ಕೆ 55ಕ್ಕೂ ಮಿಕ್ಕಿ. ನಾವು ನೋಡಿದ ಕಟ್ಟಡ ಎರಡು ಗೆರೆಗಳ ನಡುವೆ ಇತ್ತು. ಕಾಯದೆಯ ದೃಷ್ಟಿಯಿಂದ ತಪ್ಪಿಲ್ಲ. ಆದರೆ ಗೆರೆಗಳು ನಕಾಶೆಯಲ್ಲಿರುತ್ತವೆ, ಚಿತ್ರದಲ್ಲಿರುವದಿಲ್ಲ.

ನೀರಿನ ದಂಡೆಯ ಕನಸು ಒಡೆದದ್ದು ಇಲ್ಲಿ ಮಾತ್ರವಲ್ಲ. ನಮ್ಮ ಪುಣೆಯ ಪಶ್ಚಿಮಕ್ಕೆ ವರಸಗಾಂವ ಹಿನ್ನೀರಿನ ದಂಡೆಯಲ್ಲಿ ಇಟಲಿಯ ಊರಿನ ಮಾದರಿಯಲ್ಲಿ ಲವಾಸಾ ಎದ್ದಿತು. 2010ರ ನವೆಂಬರದಲ್ಲಿ ಕೇಂದ್ರದ ಪರಿಸರ ಖಾತೆ ಅಲ್ಲಿಯ ಕೆಲಸ ನಿಲ್ಲಿಸಿತು. ಮುಂದಿನ ವರ್ಷ ಮೊದಲ ಹಂತಕ್ಕೆ ಅನುಮತಿ ಸಿಕ್ಕರೂ 2018ರಲ್ಲಿ ಕಂಪನಿ ದಿವಾಳಿ ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಯಿತು. ಅದರ ಬಣ್ಣಬಣ್ಣದ ಮನೆಗಳ ಚಿತ್ರ ಮಾತ್ರ ಇಂದಿಗೂ ಸುಂದರ. ಕೇರಳದ ಮರಡುವಿನಲ್ಲಿ ಹಿನ್ನೀರಿನ ಅಂಚಿಗೆ ಎದ್ದ ನಾಲ್ಕು ಶ್ರೀಮಂತ ವಸತಿಗಳು ಕರಾವಳಿಯ ನಿಯಮ ಮೀರಿದುವೆಂದು ಸುಪ್ರೀಮ ಕೋರ್ಟು 2019ರ ಮೇ 8ರಂದು ತೀರ್ಪಿತ್ತಿತು. 2020ರ ಜನವರಿ 11 ಮತ್ತು 12ರಂದು ಮುನ್ನೂರಕ್ಕೂ ಹೆಚ್ಚು ಮನೆಗಳನ್ನು ಸ್ಫೋಟಕ ಇಟ್ಟು ಕೆಡವಿದರು. ಕೊಂಡವರಿಗೆ ಕೋರ್ಟು ತತ್ಕಾಲಕ್ಕೆ ಕೊಡಿಸಿದ್ದು 25 ಲಕ್ಷ ರೂಪಾಯಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಸುತ್ತ ಕೆರೆಯ ನೋಟವೆಂದು ಮನೆ ಕೊಂಡವರು 2017 ಮತ್ತು 2018ರಲ್ಲಿ ಆ ಕೆರೆಗೇ ಬೆಂಕಿ ಹತ್ತಿದ್ದನ್ನು ನೋಡಬೇಕಾಯಿತು.

ಕಾಯದೆ ಏನು ಹೇಳುತ್ತದೆ

ಕೊಳ್ಳುವವರ ಕೈ ಬರಿದಾಗಿಲ್ಲವೆಂಬುದನ್ನೂ ಹೇಳಬೇಕು. 2016ರಲ್ಲಿ ಆದ ಸ್ಥಿರಾಸ್ತಿ ಕಾಯದೆಯನ್ನು ಜನ ರೇರಾ ಎನ್ನುತ್ತಾರೆ. ಅದರ 12ನೆಯ ಕಲಮಿನ ಪ್ರಕಾರ, ಜಾಹೀರಾತಿನಲ್ಲಿಯ ಅಥವಾ ಮಾದರಿ ಮನೆಯಲ್ಲಿಯ ಸುಳ್ಳು ಸಂಗತಿಯನ್ನು ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವನಿಗೆ ಪರಿಹಾರ ಸಿಗಬೇಕು. ಅವನು ಬಿಟ್ಟುಬರುವೆನೆಂದರೆ ಬಡ್ಡಿಯ ಸಮೇತ ಹಣ ಮರಳಬೇಕು. 13ನೆಯ ಕಲಮು, ನೋಂದಾಯಿಸಿದ ಕರಾರಿಲ್ಲದೆ ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಮುಂಗಡ ಕೇಳಬಾರದು ಎನ್ನುತ್ತದೆ. ಜಾಹೀರಾತಿನಲ್ಲಿ ನೋಂದಣಿಯ ಸಂಖ್ಯೆ ಇರಲೇಬೇಕು. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ 1ರಿಂದ ಕ್ಯೂಆರ್ ಚೌಕಟ್ಟೂ ಇರಬೇಕು. ಅದಕ್ಕೆ ಮೊಬೈಲು ಹಿಡಿದರೆ ಆ ಯೋಜನೆಯ ಕಾಗದಪತ್ರಗಳು ಕಾಣುತ್ತವೆ.

ಆದಕಾರಣ ಬಂಧುಗಳೇ, ನೀರಿನ ದಂಡೆಯ ಮನೆಯ ಚಿತ್ರ ನಿಮ್ಮ ಕೈಗೆ ಬಂದಾಗ ಇಷ್ಟು ಮಾಡಿರಿ. ಮೊದಲು ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆಯೆಂದು ಓದಿರಿ. ಕಲಾವಿದನ ಕಲ್ಪನೆ ಎಂದಿದ್ದರೆ ಆ ಮನೆ ಇನ್ನೂ ಹುಟ್ಟಿಲ್ಲ. ಕೋಣೆ ದೊಡ್ಡದಾಗಿ ಕಂಡರೆ ಮಂಚವನ್ನು ನೋಡಿರಿ. ಮಂಚ ದೋಣಿಯಂತೆ ಉದ್ದವಾಗಿದ್ದರೆ ಕೋಣೆ ಹಿಗ್ಗಿದ್ದು ಮಸೂರದಿಂದ. ಚದರಡಿಯ ಲೆಕ್ಕವನ್ನು ಕಾರ್ಪೆಟ್ ಏರಿಯಾದಲ್ಲೇ ಕೇಳಿರಿ. ಸಂಜೆಯ ಚಿತ್ರ ಕೊಟ್ಟರೆ ಮಧ್ಯಾಹ್ನ ಹೋಗಿರಿ, ಮಳೆಗಾಲದ ಚಿತ್ರ ಕೊಟ್ಟರೆ ಬೇಸಿಗೆಯಲ್ಲಿ ಹೋಗಿರಿ, ಬೇಸಿಗೆಯದಾದರೆ ಮಳೆಗಾಲದಲ್ಲಿ. ಮಹಾನಗರಪಾಲಿಕೆಯ ವಿಕಾಸ ಯೋಜನೆಯ ನಕಾಶೆಯಲ್ಲಿ ನೀಲಿ, ಕೆಂಪು ಗೆರೆಗಳು ಎಲ್ಲಿವೆಯೆಂದು ವಿಚಾರಿಸಿರಿ. ಕೊನೆಗೆ ಪಕ್ಕದ ಹಳೆಯ ಮನೆಯವರನ್ನೋ ಕಿರಾಣಿ ಅಂಗಡಿಯವರನ್ನೋ ಕಾವಲುಗಾರನನ್ನೋ ಮಾತನಾಡಿಸಿ, ಅವ್ವ ಕೇಳಿದ ಪ್ರಶ್ನೆಯನ್ನೇ ಕೇಳಿರಿ.

ಅಫಜಲಪುರದ ಕುಟುಂಬ ಆ ಮನೆಯನ್ನು ಬಿಟ್ಟಿತು. ಆರು ತಿಂಗಳ ಮೇಲೆ ಕಾತ್ರಜದ ಏರಿನಲ್ಲಿ ಒಂದು ಕೋಣೆ ಕಡಿಮೆಯಿರುವ ಮನೆ ಕೊಂಡರು. ಅಲ್ಲಿಂದ ಹೊಳೆ ಕಾಣುವದಿಲ್ಲ, ಗುಡ್ಡ ಕಾಣುತ್ತದೆ. ಹೊಲ ಮಾರಿದ ಹಣ ಹೋದೀತೆಂಬ ಹೆದರಿಕೆ ಮಾತ್ರ ಅವರ ಮನೆಯಿಂದ ಹೋಯಿತು.

ನಮ್ಮ ಹುಡುಗನಿಗೆ ಇದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಆ ಗಿರಾಕಿಗೆ ಅವನು, "ರಸ್ತೆ, ಗಟಾರ ಅಳಿಸಿದ ಚಿತ್ರ ತೆಗೀರಿ, ಇದ್ದದ್ದು ಇದ್ದ ಹಾಂಗ ಮತ್ತೊಂದು ಪುಕ್ಕಟೆ ತಗದು ಕೊಡ್ತೀನಿ" ಎಂದು ಹೇಳಿದ. ಅವರು ಒಪ್ಪಲಿಲ್ಲ; ಮುಂದೆ ಕೆಲಸಕ್ಕೂ ಕರೆಯಲಿಲ್ಲ. ಕೆಲವು ತಿಂಗಳು ಮತ್ತೆ ಮದುವೆಯ ಚಿತ್ರಗಳಿಂದಲೇ ಮಸೂರದ ಸಾಲದ ಕಂತು ಕಟ್ಟಿದ. ಈಗ ಕೆಲಸ ಒಪ್ಪುವಾಗಲೇ ಕಾಗದದ ಮೇಲೆ ಬರೆದು ಕೊಡುತ್ತಾನೆ: ದೀಪ ಹಚ್ಚುತ್ತೇನೆ, ಕಲೆ ಒರೆಸುತ್ತೇನೆ, ಆಕಾಶಕ್ಕಾಗಿ ಮೂರು ಸಂಜೆ ಕಾಯುತ್ತೇನೆ, ನೆಲಕ್ಕೆ ನಾಟಿದ್ದನ್ನು ಅಳಿಸುವದಿಲ್ಲ. ಗಿರಾಕಿಗಳು ಕಡಿಮೆಯಾದರು, ಆದರೆ ಇಬ್ಬರು ಮೂವರು, ಇವನ ಚಿತ್ರ ನೋಡಿ ಬಂದವರು ತಿರುಗಿ ಹೋಗುವದಿಲ್ಲವೆಂದು ಇವನನ್ನೇ ಹುಡುಕಿಕೊಂಡು ಬರುತ್ತಾರಂತೆ.

ಮೊನ್ನೆ ಅವನು ನಮ್ಮ ಮನೆಗೆ ಒಂದು ಚಿತ್ರ ತಂದುಕೊಟ್ಟ. ಲಕಡಿ ಪೂಲದ ಮೇಲಿಂದ ತೆಗೆದ ಮುಠಾ ನದಿ, ಹಗಲಿನ ಬೆಳಕು, ತಂತಿ, ಕಂಬ, ಕಸ, ಜನ ಎಲ್ಲ ಇದ್ದಂತೆಯೇ ಇವೆ. ಅವ್ವ ಬಂದಾಗ ಅದನ್ನು ನೋಡಿ, "ಇದು ಹೊಳಿ" ಎಂದರು. ಈ ನೀರು ಸಂಗಮದಲ್ಲಿ ಮುಳಾ ನದಿಯನ್ನು ಕೂಡಿ, ಮುಂದೆ ಭೀಮೆಯನ್ನು ಸೇರಿ, ಪಂಢರಪುರವನ್ನು ಹಾಯ್ದು ಅವರ ಊರಿಗೇ ಹೋಗುತ್ತದೆಂದು ನಾವು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಇಲ್ಲಿ ಕಸ ಚೆಲ್ಲಬ್ಯಾಡಂತ ಹೇಳ್ರಿ, ನಮ್ಮ ಮಂದಿ ಅಲ್ಲಿ ಕುಡೀತಾರ" ಎಂದರು.